ಯಾವುದು ಬುಡ, ಯಾವುದು ತುದಿ

ಒಂದು ಕೋಲು ಕೊಟ್ಟು, ಇದರ ಬುಡ ಯಾವುದು, ತುದಿ ಯಾವುದು ಹೇಳಿ ಎಂದು ಯಾರಾದರೂ ಕೇಳಿದರೆ ನಾನೀಗ ನಗುವುದಿಲ್ಲ. ಅದೇ ಪ್ರಶ್ನೆಯ ಮುಂದೆ ನಾವೆಲ್ಲ ಒಂದಿಡೀ ಭಾನುವಾರ ಕಣ್ಣು ಕಣ್ಣು ಬಿಡುತ್ತ ಕೂತಿದ್ದೆವು.

ನಾನು ದಾವಣಗೆರೆಯವಳು. ತಮಿಳು ಸೀಮೆಯ ಶರವಣಂಪಟ್ಟಿಯಲ್ಲಿ ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಭಾನುವಾರ ಹೊದ್ದು ಮಲಗಬೇಕಾದವಳು ನೆಲ ಉಳಿಸುವ ಗುಂಪೊಂದಕ್ಕೆ ಸೇರಿದ್ದು ಪರಿಸರದ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾದೀತು. ಸೇರಿದ್ದು ಕುತೂಹಲಕ್ಕೆ. ಆಫೀಸಿನವರ ಮದುವೆಯೊಂದಕ್ಕೆ ಸೂಲೂರು, ಪಲ್ಲಡಂ ದಾಟಿ ಕಾಂಗೇಯಂ ಕಡೆಗೆ ಹೋಗುತ್ತಿದ್ದಾಗ ಬಸ್ಸಿನ ಕಿಟಕಿಯಲ್ಲಿ ಒಂದರ ಹಿಂದೊಂದು ಕಂದು ಬಣ್ಣದ ಬಯಲು. ಪೈರಿಲ್ಲ, ತೋಟವಿಲ್ಲ, ಅಲ್ಲೊಂದು ಇಲ್ಲೊಂದು ಜಾಲಿಯಂಥ ಮರ. ಆದರೆ ಪ್ರತಿಯೊಂದಕ್ಕೂ ಸುತ್ತ ಮುಳ್ಳಿನ ಬೇಲಿ, ಅದೂ ಹೆಣೆದಿಟ್ಟಷ್ಟು ಚೊಕ್ಕಟ. ಒಳಗೆ ಏನೂ ಇಲ್ಲದ್ದಕ್ಕೆ ಇಷ್ಟು ಜತನದ ಬೇಲಿ ಯಾಕಪ್ಪಾ ಎಂದು ಪಕ್ಕದಲ್ಲಿದ್ದವರನ್ನೆಲ್ಲ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರುವ ಗುಂಪೊಂದಿದೆ, ಅವರ ತಲೆ ತಿನ್ನು ಹೋಗು ಎಂದು ಒಬ್ಬಳು ನಂಬರು ಕೊಟ್ಟಳು.

ಗುಂಪಿನ ಹಿರಿಯರು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಅವರೇ ಹೇಳಿದ್ದು: ಅದು ಖಾಲಿ ಬಯಲಲ್ಲ, ಕೊರಂಗಾಡು. ಮಳೆ ನಂಬಿಕೊಂಡ ಮೇವಿನ ನೆಲ. ಹುಲ್ಲು ಬೇಸಗೆಯಲ್ಲಿ ಸತ್ತಂತೆ ನಟಿಸುತ್ತದೆ, ಎರಡು ಹನಿ ಬಿದ್ದರೆ ಏಳುತ್ತದೆ. ಬೇಲಿ ಕಿಳುವೈ ಎಂಬ ಮುಳ್ಳುಗಿಡದ್ದು. ಕೊಂಬೆ ಕಡಿದು ಒತ್ತೊತ್ತಾಗಿ ನೆಟ್ಟರೆ ಬೇರು ಬಿಟ್ಟು, ತಲೆಮಾರುಗಟ್ಟಲೆ ನಿಲ್ಲುತ್ತದೆ. ಬೆಳಿಗ್ಗೆ ದನ ಒಳಗೆ ಬಿಟ್ಟು ಗಳ ಅಡ್ಡ ಹಾಕಿದರೆ ಮುಗಿಯಿತು, ಕಾಯುವವರೇ ಬೇಡ. ಈ ನೆಲ ಸೈಟಾಗಿ ಹೋಗದಂತೆ, ಅದರೊಳಗೆ ಸೀಮೆಕರುವೇಲ ತುಂಬದಂತೆ ನೋಡುವುದೇ ಗುಂಪಿನ ಕೆಲಸ. ಸೀಮೆಕರುವೇಲ ಅಂದರೆ ಏನೆಂದು ನೋಡಿದರೆ ನಮ್ಮ ಬಳ್ಳಾರಿ ಜಾಲಿ! ನಾವು ಬಳ್ಳಾರಿಯ ಮೇಲೆ ಹಾಕುತ್ತೇವೆ, ಇವರು ಸೀಮೆಯ ಮೇಲೆ ಹಾಕುತ್ತಾರೆ. ಅದನ್ನು ಬುಡಸಮೇತ ಕೀಳುವುದರಲ್ಲೇ ನನ್ನ ಮೊದಲ ಭಾನುವಾರಗಳು ಕಳೆದವು.

ಆಮೇಲೆ ನಾನು ಅಕ್ಕ ಎಂದು ಕರೆದವರ ನೆಲಕ್ಕೆ ಹೋದದ್ದು ಚಿತ್ತಿರೈ ತಿಂಗಳ ಉರಿಬಿಸಿಲಿನಲ್ಲಿ. ರಸ್ತೆ ಅಗಲ ಮಾಡಲು ಬಂದ ಯಂತ್ರ ಅವರ ಕೊರಂಗಾಡಿನ ಒಂದು ಕಡೆಯ ಬೇಲಿಯನ್ನು ಪೂರ್ತಿ ಕಿತ್ತು ಹಾಕಿತ್ತು. ಅವರ ಮನೆಯಲ್ಲಿ ಕನ್ನಡ ಆಡುತ್ತಾರೆ, ನೀನೇ ಹೋಗಿ ಮಾತಾಡು ಎಂದರು ಮೇಷ್ಟ್ರು. ಮರದ ನೆರಳಿನ ಕಲ್ಲಿನ ಮೇಲೆ, ಕಪ್ಪು ಕೊಡೆ ಹಿಡಿದು, ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ನಾನು ಕನ್ನಡದಲ್ಲಿ ನಮಸ್ಕಾರ ಹೇಳಿದ್ದೇ ತಡ, ಕೊಡೆ ಕೆಳಗಿಟ್ಟರು.

"ಅಯ್ಯಯ್ಯೋ, ನಮ್ಮ ಮಾತು! ಯಾವೂರುಂಗ ನಿಮ್ದು?"

ಊರು ಹೇಳಿದೆ. ಅದೆಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಐದೇ ನಿಮಿಷಕ್ಕೆ ನಾನು 'ಅಮ್ಮಿಣಿ' ಆಗಿದ್ದೆ. ಈ ಕಡೆ ಮನೆಮಗಳನ್ನು ಹಾಗೆ ಕರೆಯುತ್ತಾರೆ.

"ಬಿಸಿಲಲ್ಲಿ ಯಾಕೆ ಕೂತಿದ್ದೀರಕ್ಕ?"

"ಇನ್ನೇನು ಮಾಡ್ಲಿ? ಬೇಲಿ ಹೋಯ್ತು, ಈಗ ನಾನೇ ಬೇಲಿ."

ಅವರು ನಗಲಿಲ್ಲ. ಗಂಡ ತಿರುಪ್ಪೂರಿನ ಬನಿಯನ್ ಕಂಪನಿಗೆ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಸುಗಳು ಮೂರು, ಅದರಲ್ಲೊಂದು ಕಡಸು. ಕಡಸಿಗೆ ರಸ್ತೆಯಾಚೆಯ ಹುಲ್ಲೇ ರುಚಿ. ಬೇಲಿ ಬಿದ್ದಾಗಿನಿಂದ ಅಕ್ಕ ಈ ಕಲ್ಲು ಬಿಟ್ಟು ಕದಲಿಲ್ಲ. ಸಿರುಮುಗೈಯಲ್ಲಿ ಅವರ ತಂಗಿ, ರೇಷ್ಮೆ ನೇಯುವ ಮನೆ. ತಂಗಿ ಮಗಳ ನಿಶ್ಚಿತಾರ್ಥಕ್ಕೆ ಹೋಗಲಾಗಲಿಲ್ಲ. ಮದುವೆ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ.

"ತಂಗಚ್ಚಿ ನಂಗೆ ಅಂತ ಸೀರೆ ನೇಯ್ದು ಇಟ್ಟವ್ಳೆ. ಕಳಿಸಮ್ಮಾ ಅಂದ್ರೆ ಕಳಿಸಾಕಿಲ್ಲ. ಇಲ್ಲಿ ಬಂದು ಉಟ್ಕೋ, ಇಲ್ದಿದ್ರೆ ಪೆಟ್ಟಿಗೇಲೇ ಇರ್ಲಿ ಅಂತಾಳೆ. ರೊಂಬ ಹಠ." ಇಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ತಂತಿ ಹಾಕಿಸಬಾರದಾ?" ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ.

"ಈ ಕಡಸು ತಂತಿಗೆ ಬೆನ್ನು ಉಜ್ಜಿ ಉಜ್ಜಿ ಕಂಬಾನೇ ಮಲಗಿಸ್ತದೆ. ಮುಳ್ಳಿಗೆ ಆದ್ರೆ ಹೆದರ್ತದೆ."

ಮುಂದಿನ ವಾರವೇ ಕಿಳುವೈ ಕಡಿಯಲು ಹೋದೆವು. ಉಳಿದ ಮೂರು ಕಡೆಯ ಹಳೇ ಬೇಲಿಯಲ್ಲಿ ಕೊಂಬೆ ಧಾರಾಳವಾಗಿತ್ತು. ಕಾಲೇಜು ಹುಡುಗರು ಬ್ಯಾಟರಿ ಗರಗಸ ತಂದಿದ್ದರು. ಅಕ್ಕ ಹೇಗೆ ಕಡಿಯಬೇಕೆಂದು ತೋರಿಸಲು ಎದ್ದು ಬರುತ್ತಿದ್ದರು, ಅಷ್ಟರಲ್ಲಿ ಕಡಸು ಬಾಲ ಎತ್ತಿಕೊಂಡು ರಸ್ತೆಗೆ ಓಡಿತು. ಅಕ್ಕ ಅದರ ಹಿಂದೆ. ಅವರು ಕಡಸನ್ನು ಬೈದು, ಸುತ್ತಿ ಬಳಸಿ ಹಿಡಿದು ತರುವ ಹೊತ್ತಿಗೆ ನಮ್ಮ ಕೆಲಸ ಮುಗಿದಿತ್ತು. ಸೊಂಟದೆತ್ತರದ ಕೋಲುಗಳು, ಎಲೆಯಿಲ್ಲ, ಒಂದೇ ಅಳತೆ, ಎರಡೂ ತುದಿ ಸೌತೆಕಾಯಿ ಹೆಚ್ಚಿದಷ್ಟು ನೇರ. ರಾಶಿ ಹಾಕಿ ಹೆಮ್ಮೆಯಿಂದ ನಿಂತಿದ್ದೆವು.

ಅಕ್ಕ ಒಂದು ಕೋಲು ಎತ್ತಿಕೊಂಡರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದ್ರಲ್ಲಿ ಬುಡ ಯಾವ್ದು?"

ಕೋಲಿನ ಎರಡೂ ಕೊನೆಯನ್ನು ನಮ್ಮ ಮೂಗಿನ ಮುಂದೆ ಹಿಡಿದರು.

"ನಮ್ಮಪ್ಪ ಮಚ್ಚಿನಲ್ಲಿ ಬುಡದ ಕಡೆ ಓರೆ ಕೊಯ್ಯೋರು. ಚೂಪಿರೋದು ಮಣ್ಣಿಗೆ, ಅಷ್ಟೇ. ಇದೇನಿದು, ಎರಡೂ ಕಡೆ ಒಂದೇ ಮೂತಿ! ನಂಗೂ ತಿಳೀತಿಲ್ಲ ಹೋಗಿ!"

ನಾವು ಪೆಚ್ಚಾದೆವು. ನಿಜ ಹೇಳಬೇಕೆಂದರೆ ನನಗೆ ಪೆಚ್ಚಾದದ್ದಕ್ಕಿಂತ ಕುತೂಹಲ ಕೆರಳಿದ್ದೇ ಹೆಚ್ಚು. ಕೋಲಿಗೆ ತಾನು ಯಾವ ಕಡೆ ಮೇಲಿದ್ದೆ ಎಂಬುದು ನೆನಪಿರುತ್ತದಾ? ದಪ್ಪ ಇರುವ ಕಡೆ ಬುಡ ಎಂದರು ಮೇಷ್ಟ್ರು, ಆದರೆ ಹುಡುಗರು ಆರಿಸಿ ಆರಿಸಿ ಒಂದೇ ದಪ್ಪದವನ್ನೇ ಕಡಿದಿದ್ದರು. ಮುಳ್ಳು ಮೇಲ್ಮುಖವಾಗಿರುತ್ತದೆ ಎಂದು ಒಬ್ಬ, ಇದರ ಮುಳ್ಳು ನಾಲ್ಕೂ ದಿಕ್ಕಿಗಿದೆಯಲ್ಲೋ ಎಂದು ಇನ್ನೊಬ್ಬ. ಬುಡದ ಕಡೆ ಭಾರ ಹೆಚ್ಚು, ನೀರಲ್ಲಿ ಬಿಟ್ಟರೆ ಮುಳುಗುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದನ್ನು ನಾನೇ ಹೇಳಿದೆ. ಓಡಿಹೋಗಿ ದನ ನೀರು ಕುಡಿಯುವ ತೊಟ್ಟಿಗೆ ಒಂದು ಕೋಲು ಬಿಟ್ಟೆವು. ಅದು ಆರಾಮಾಗಿ ಅಂಗಾತ ಮಲಗಿ ತೇಲಿತು. ಮೇಷ್ಟ್ರು ಬಗ್ಗಿ ನೋಡಿ, ಎಡಗಡೆ ಒಂದು ಕೂದಲಷ್ಟು ತಗ್ಗಿದೆ ಎಂದರು. ನನಗೇನೋ ಬಲಗಡೆ ತಗ್ಗಿದಂತೆ ಕಂಡಿತು. ಕಡಸು ಬಂದು ಆ ನೀರು ಕುಡಿದು ಹೋಯಿತು.

ಅಕ್ಕನ ಸಿಟ್ಟು ಅಷ್ಟರಲ್ಲಿ ನಗೆಯಾಗಿತ್ತು. "ಕೋಲು ನೆರಳಲ್ಲಿ ಒಣಗ್ಲಿ ಬಿಡಿ. ಮಳೆ ಬಿದ್ಮೇಲೆ ನೆಡಿ. ಬಂದಷ್ಟು ಬರ್ಲಿ, ಅಮ್ಮಿಣಿ."

ಬೇಸಗೆಯ ಮೊದಲ ಮಳೆ ಬಿದ್ದ ವಾರ ನೆಟ್ಟೆವು. ನಡುವಿನ ಸಂದಿಗೆಲ್ಲ ಬಳ್ಳಾರಿ ಜಾಲಿಯ ಮುಳ್ಳು ತುರುಕಿದೆವು. ಆಮೇಲಿನ ಭಾನುವಾರಗಳಲ್ಲಿ ವ್ಯಾನು ನಿಲ್ಲುವ ಮುಂಚೆಯೇ ನಾನು ಇಳಿದು ಬೇಲಿಯತ್ತ ಓಡುತ್ತಿದ್ದೆ. ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಸಿಪ್ಪೆ ಕೆರೆದು, ಒಳಗೆ ಹಸಿರಿದೆಯಾ ನೋಡುವುದು.

"ಕೆರ್ದು ಕೆರ್ದು ನೀನೇ ಸಾಯಿಸ್ಬಿಡ್ತೀಯ ಅಮ್ಮಿಣಿ!" ಎಂದು ಕಲ್ಲಿನ ಮೇಲಿಂದ ಕೂಗು ಬರುತ್ತಿತ್ತು.

ಕೊನೆಗೆ ಚಿಗುರಿತು. ಕೆಲವು ತಲೆಯಲ್ಲಿ ಚಿಗುರಿದವು. ಅವು ನೆಟ್ಟಗೆ ನೆಟ್ಟವು. ಬಹಳಷ್ಟು ಸುಕ್ಕುಗಟ್ಟಿ ಒಣಗಿದವು. ಇನ್ನು ಬೆರಳೆಣಿಕೆಯಷ್ಟು ಕೋಲುಗಳಲ್ಲಿ ಚಿಗುರು ಬಂದದ್ದು ಮಣ್ಣಿನ ಹತ್ತಿರ, ಅದೂ ಮೊದಲು ಕೆಳಕ್ಕೆ ಹೊರಟು, ಬೆರಳುದ್ದ ಹೋಗಿ, ತಪ್ಪು ದಾರಿ ಎಂದು ಗೊತ್ತಾದಂತೆ ಬಾಗಿ ಮೇಲಕ್ಕೆ ತಿರುಗಿತ್ತು. ತಲೆಕೆಳಗಾಗಿ ನೆಟ್ಟ ಕೋಲು ಬದುಕಿತ್ತು! ನಾನು ಖುಷಿಗೆ ಕೂಗಿದ್ದು ಕೇಳಿ ಮೇಷ್ಟ್ರು ಹಾವು ಕಚ್ಚಿತೇನೋ ಎಂದು ಓಡಿಬಂದರು. ಅಕ್ಕನೂ ಬಂದು ಬಗ್ಗಿ ನೋಡಿದರು. ಐವತ್ತು ವರ್ಷ ಈ ಬೇಲಿಯ ಪಕ್ಕದಲ್ಲೇ ಇದ್ದವರು, ಇಂಥದನ್ನು ಅವರೂ ನೋಡಿರಲಿಲ್ಲ. ಯಾಕೆ ನೋಡಬೇಕು, ಅವರ ಮನೆಯಲ್ಲಿ ಯಾರೂ ಕೋಲನ್ನು ತಲೆಕೆಳಗಾಗಿ ನೆಟ್ಟವರಿಲ್ಲ.

ಖುಷಿ ಆಡಿ ತಿಂಗಳವರೆಗೆ, ಅಂದರೆ ನಮ್ಮ ಆಷಾಢದವರೆಗೆ ಉಳಿಯಿತು. ಆ ಕಡೆ ಆಡಿ ಗಾಳಿ ಎಂದರೆ ಮಾತಲ್ಲ, ಮೈಮೇಲಿನ ಸೆರಗು ನಿಲ್ಲದು. ಬೇರಿಲ್ಲದ ಒಣಕೋಲುಗಳು ಪಟಪಟನೆ ಉರುಳಿದವು. ಅಂದು ಅಕ್ಕ ಉಳಿದೆರಡು ಹಸುಗಳಿಗೆ ನೀರು ತೋರಿಸಲು ಹೋಗಿದ್ದರಂತೆ, ಅಷ್ಟರಲ್ಲಿ ಕಡಸು ಸಂದಿಯಿಂದ ನುಗ್ಗಿ ನಡುರಸ್ತೆಯಲ್ಲಿ ನಿಂತಿತು. ಲಾರಿಯವನು ಬ್ರೇಕು ಹಾಕಿದ್ದರಿಂದ ಉಳಿಯಿತು. ನಾವು ಭಾನುವಾರ ಹೋದಾಗ ಅಕ್ಕ ಕಡಸಿನ ಹಗ್ಗವನ್ನು ಕೈಗೆ ಸುತ್ತಿಕೊಂಡೇ ಕೂತಿದ್ದರು.

"ತಂಗಚ್ಚೀಗೆ ಹೇಳ್ಬಿಟ್ಟೆ. ನಾ ಬರಾಕಿಲ್ಲ, ಮದ್ವೆ ಮಾಡ್ಕೊಳ್ಳಿ ಅಂತ. ಬೆಳಿಗ್ಗೆ ಹೋಗಿ ಸಾಯಂಕಾಲ ಬರಾನಾ ಅಂದ್ಕೊಂಡಿದ್ದೆ. ಅದೂ ಆಗಾಕಿಲ್ಲ."

ಮೇಷ್ಟ್ರು ವ್ಯಾನಿನ ಬಳಿ ನನ್ನನ್ನು ಕರೆದು, ಮುಂದಿನ ತಿಂಗಳು ಧಾರಾಪುರಂ ಕಡೆಯ ನೆಲವೊಂದನ್ನು ಒಪ್ಪಿಕೊಂಡಿದ್ದೇವೆ, ಇಲ್ಲಿ ಮಾಡುವಷ್ಟು ಮಾಡಿದೆವಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. "ಏನು ಮಾಡಿದ್ದು ಸಾರ್? ಹಸುವನ್ನು ನಂಬಿಸಿ ರಸ್ತೆಗೆ ಬಿಟ್ಟಿದ್ದಾ? ಇದು ಮುಗಿಯುವ ತನಕ ನಾನು ಎಲ್ಲಿಗೂ ಬರೋಳಲ್ಲ" ಎಂದು ಅರೆಬರೆ ತಮಿಳಿನಲ್ಲಿ ರೇಗಿದೆ. ಸಿಟ್ಟಿನಲ್ಲಿ ನನ್ನ ತಮಿಳು ಇನ್ನಷ್ಟು ಕೆಡುತ್ತದೆ. ಅವರು ಮಚ್ಚು ಎಷ್ಟು ಬೇಕು ಎಂದು ಕೇಳಿದರು.

ದೀಪಾವಳಿ ಹೊತ್ತಿನ ಐಪ್ಪಸಿ ಮಳೆಗೆ ಮೊದಲು ಮತ್ತೆ ಕಡಿದೆವು. ಈ ಸಲ ನಾನು ಕಡಸಿನ ಮುಂದೆ ಕೊಡೆ ಬಿಚ್ಚಿಕೊಂಡು ಬೇಲಿಯ ಕೆಲಸಕ್ಕೆ ನಿಂತೆ, ಅಕ್ಕ ಮಚ್ಚು ಹಿಡಿದರು. ಒಂದೇ ಏಟಿಗೆ ಬುಡ ಓರೆ, ಹುಡುಗರೂ ನೋಡಿ ಕಲಿತರು. ಸತ್ತ ಕೋಲು ಕಿತ್ತ ಕಡೆಯೆಲ್ಲ ಹೊಸದು ನೆಟ್ಟೆವು. ತಲೆಕೆಳಗಾಗಿ ಬದುಕಿದ್ದವನ್ನೂ ಕೀಳಲು ಹೊರಟಿದ್ದರು. ಪಾಪ, ಅಷ್ಟು ಕಷ್ಟಪಟ್ಟಿವೆ, ಬಿಡಿ ಎಂದು ನಾನು ಅಡ್ಡ ನಿಂತೆ. ಆ ಸಲ ಮಳೆ ಕೈಕೊಡಲಿಲ್ಲ. ಕಂದು ನೆಲವೆಲ್ಲ ಹಸಿರಾಯಿತು, ಬೇಲಿ ಸಾಲಿಗೆ ಸಾಲೇ ಚಿಗುರಿತು.

ಆದರೂ ಅಕ್ಕ ಕಲ್ಲು ಬಿಟ್ಟು ಏಳಲಿಲ್ಲ. ಮದುವೆಗೆ ಹೋಗುತ್ತೀರಾ ಎಂದರೆ, "ನೋಡಾನಾ" ಎನ್ನುವರು. ಕಡಸಿನ ಮೇಲೆ ನಂಬಿಕೆಯಿಲ್ಲ, ನಮ್ಮ ಮೇಲಂತೂ ಇರಲು ಸಾಧ್ಯವೇ ಇಲ್ಲ.

ತೈ ತಿಂಗಳ ಆ ಭಾನುವಾರ ವ್ಯಾನಿನಿಂದ ಇಳಿದಾಗ ಗಳ ಅಡ್ಡ ಹಾಕಿತ್ತು. ಒಳಗೆ ಮೂರೂ ಹಸು ಮೇಯುತ್ತಿದ್ದವು. ಮರದ ಕೆಳಗೆ ಕಲ್ಲು ಖಾಲಿ. "ಅಕ್ಕಾ" ಎಂದು ಕೂಗಿದೆ, ಉತ್ತರವಿಲ್ಲ. ಕಡಸು ತಲೆಯೆತ್ತಿ ನನ್ನನ್ನು ನೋಡಿ, ಮೆಲ್ಲಗೆ ಬೇಲಿಯ ಮೂಲೆಗೆ ನಡೆಯಿತು. ಅಲ್ಲಿದ್ದದ್ದು ಆ ತಲೆಕೆಳಗಿನ ಕೋಲುಗಳಲ್ಲೊಂದು. ಕಡಸು ಮೂತಿ ಒತ್ತಿತು, ಮುಳ್ಳು ಚುಚ್ಚಿತು, ಬುಸ್ಸೆಂದು ಹಿಂದೆ ಸರಿದು ಹುಲ್ಲಿಗೆ ಬಾಯಿ ಹಾಕಿತು.

ತಡೆಯಲಾಗದೆ ಫೋನು ಮಾಡಿದೆ. ಆ ಕಡೆ ನಾಗಸ್ವರ, ಹೆಂಗಸರ ಗಲಾಟೆ.

"ಕಡಸು?" ಅಂದರು, ನಮಸ್ಕಾರವೂ ಇಲ್ಲ.

"ಒಳಗೇ ಇದೆ ಅಕ್ಕ. ಈಗಷ್ಟೇ ಬೇಲಿಗೆ ಮೂತಿ ಇಟ್ಟು ನೋಡ್ತು. ಆಗ್ಲಿಲ್ಲ."

"ನಿಜಮಾ?"

"ನನ್ನಾಣೆ."

ಅಲ್ಲಿ ಯಾರಿಗೋ ಏನೋ ಹೇಳಿ, ಫೋನಿಗೆ ಮರಳಿದರು. "ಸರಿ ಅಮ್ಮಿಣಿ. ನಮ್ಮನೆಯವ್ರು ಸಾಯಂಕಾಲ ಬಂದು ಹಾಲು ಕರ್ಕೊಳ್ತಾರೆ. ನಾನು ಇವತ್ತು ಬರಾಕಿಲ್ಲ."