ನೆರಳಿನ ಕನಕಾಂಬರಕ್ಕೆ ಏನಾಯಿತು?

ಗೌನಿಪಲ್ಲಿಯ ನಮ್ಮ ಹಿತ್ತಲಲ್ಲಿ ಒಂದು ಮಡಿ ಕನಕಾಂಬರ ಸಾಯುತ್ತಿದೆ. ಅದಕ್ಕೂ ಒಂದು ಅಂಕಣ ಬೇಕೆ ಅನ್ನುತ್ತೀರಾ? ಬೇಕು.

ನೆಟ್ಟವಳು ನನ್ನ ತಂಗಿ ಸರೋಜ. ಮಾವಿನ ಮರದ ನೆರಳು ನೋಡಿಯೇ ನೆಟ್ಟಳು. (ಕನಕಾಂಬರಕ್ಕೆ ಉರಿಬಿಸಿಲು ಆಗದು.) ದಿನಾ ಮೊಳದುದ್ದ ಹೂವಾಗುತ್ತಿತ್ತು. ಹೋದ ವರ್ಷ ಕಾಮಾಲೆ ಬಂದು ಅವಳು ಹೋಗಿಬಿಟ್ಟಳು. ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಅಮ್ಮ ಅಳುತ್ತಾಳೆಂದು ಅಪ್ಪ, ಅಪ್ಪ ಊಟ ಬಿಡುತ್ತಾರೆಂದು ಅಮ್ಮ. ನಾನು? ಇಬ್ಬರಿಗೂ ಹೆದರಿ ಸುಮ್ಮನಿದ್ದೆ.

ಗಿಡ ಸೊರಗತೊಡಗಿತು. ಎಲೆ ಹಳದಿ, ತೆನೆ ಕಪ್ಪು. ರೇಡಿಯೊದ ರೈತರ ಕಾರ್ಯಕ್ರಮ ಕೇಳಿಯೇ ಗಿಡಗಳ ಡಾಕ್ಟರಾದವನು ನಾನು. ನೆರಳು ಹೆಚ್ಚಾಯಿತು, ಒಂದು ಕೊಂಬೆ ಕಡಿಯೋಣ ಅಂದೆ. ಅಪ್ಪ ಒಪ್ಪಲಿಲ್ಲ. ಗೊಬ್ಬರ ಹಾಕಿದೆ, ಬೂದಿ ಎರಚಿದೆ. ಊಹೂಂ.

ಕಳೆದ ಭಾನುವಾರ ಮಧ್ಯಾಹ್ನ ತಾಳ್ಮೆಗೆಟ್ಟು ಒಂದು ಗಿಡ ಕಿತ್ತೇಬಿಟ್ಟೆ. ಸಲೀಸಾಗಿ ಬಂತು. ಬೇರೆಲ್ಲ ಕೊಳೆತಿತ್ತು, ಬುಡವೆಲ್ಲ ಕೆಸರು. ಬೇಸಿಗೆಯಲ್ಲಿ ಬಿಂದಿಗೆ ಬಾವಿಯ ತಳ ಕೆರೆಯುವ ಊರು ನಮ್ಮದು. ಇಲ್ಲಿ ನೀರು ಹೆಚ್ಚಾಗಿ ಗಿಡ ಸಾಯುವುದುಂಟೆ? ಬೆಳಿಗ್ಗೆ ನಾನು ಹಾಕುವುದು ಒಂದೇ ಬಿಂದಿಗೆ.

ಅಷ್ಟರಲ್ಲಿ ಅಮ್ಮ ಅಕ್ಕಿ ತೊಳೆದ ನೀರು ಹಿಡಿದು ಬಂದಳು. ನನ್ನನ್ನು ಕಂಡು ಪಾತ್ರೆಯನ್ನು ಸೆರಗಿನ ಮರೆಗೆ ಸರಿಸಿದಳು. ಅವಳ ಹಿಂದೆಯೇ ಅಪ್ಪ. ಕೈಯಲ್ಲಿ ತುಂಬಿದ ತಂಬಿಗೆ.

"ನೀನೂ ಹಾಕ್ತಿದ್ಯೇನೇ?" ಅಂದರು ಅಪ್ಪ.

"ಇನ್ನೇನ್ ಮಾಡ್ಲಿ? ನಾ ಕೂತುರು ಗಿಡ ಅಲ್ವಾ ಅದು," ಅಂದಳು ಅಮ್ಮ. (ಸಂಕಟವಾದರೆ ಅವಳಿಗೆ ತೆಲುಗೇ ಬರುವುದು. ನಾ ಕೂತುರು ಅಂದರೆ ನನ್ನ ಮಗಳು.)

ಒಬ್ಬರಿಗೊಬ್ಬರು ಕಾಣದಂತೆ ಮೂವರೂ ನೀರೆರೆದಿದ್ದೆವು. ನೆರಳಿನ ಮಣ್ಣು ಬೇಗ ಆರುವುದಿಲ್ಲ. ಅಷ್ಟೂ ನೀರು ಬೇರಿನಲ್ಲೇ ನಿಂತಿತ್ತು.

ಅಪ್ಪ ತಂಬಿಗೆ ಕೆಳಗಿಟ್ಟು ಮರದ ಬುಡದಲ್ಲಿ ಕೂತರು. "ಸರೋಜ ಇದ್ದಿದ್ರೆ ಮೂರೂ ಜನಕ್ಕೂ ಬೈತಿದ್ಲು," ಅಂದರು.

ಅಮ್ಮ ಅತ್ತಳು. ಅಳಲಿ ಎಂದು ಬಿಟ್ಟೆವು. ನನಗೂ ತಡೆಯಲಾಗಲಿಲ್ಲ. ಆಮೇಲೆ ಕತ್ತಲಾಗುವ ತನಕ ಅಲ್ಲೇ ಕೂತು ಅವಳ ಮಾತೇ ಆಡಿದೆವು. ಅವಳ ಜಗಳ, ಅವಳ ಹಟ, ಹೂವು ಕಟ್ಟುವಾಗ ಬಾಳೆನಾರು ಯಾರಿಗೂ ಕೊಡದ ಅವಳ ಜಿಪುಣತನ.

ಗಿಡ ಇನ್ನು ಉಳಿಯುವುದಿಲ್ಲ. ಅವಳ ಹೆಸರು ಹೇಳಲು ಹೆದರಿ ಅವಳ ಗಿಡವನ್ನೂ ಕಳೆದುಕೊಂಡೆವಲ್ಲ, ನಮಗೆ ಏನನ್ನಬೇಕು?