ಚೀನಿಕಾಯಿಗೆ ಮೊದಲ ಏಟು

ಜುಕಿನಿ ಎಂಬ ಸೌತೆಯಂಥ ಪರದೇಶಿ ಕಾಯಿ ಒಂಟಿ ಮನುಷ್ಯ ಬೆಳೆಯುವ ತರಕಾರಿಯಲ್ಲ. ಎಳೆಯದಿರುವಾಗಲೇ ಕೊಯ್ದು ತಿನ್ನಬೇಕು. ಗಿಡದ ಕಡೆ ನೋಡದೆ ಬಿಟ್ಟರೆ ತೋಳಿನಷ್ಟು ದಪ್ಪವಾಗಿ ಬೆಂಡಾಗುತ್ತದೆ. ಒಂದು ಕಾಯಿಯ ಪಲ್ಯ ಮಾಡಿದರೆ ನನಗೆ ಮರುದಿನಕ್ಕೂ ಉಳಿಯುತ್ತದೆ. ಚೀನಿಕಾಯಿ, ಅಂದರೆ ಸಿಹಿಗುಂಬಳ, ಹಾಗಲ್ಲ. ತೊಟ್ಟು ಒಣಗಿ, ಉಗುರು ಊರಿದರೂ ಇಳಿಯದಷ್ಟು ಸಿಪ್ಪೆ ಬಲಿತ ಮೇಲೆ ಕೊಯ್ದಿಟ್ಟರೆ, ಅಟ್ಟದ ಮೇಲೆ ಇಡೀ ಮಳೆಗಾಲ ಸುಮ್ಮನೆ ಕಾದಿರುತ್ತದೆ.

ಅಂಥ ಚೀನಿಕಾಯಿ ಬೆಳೆಯುತ್ತಿದ್ದವಳು ನನ್ನ ಅಕ್ಕ. ಗೋಣಿಬೀಡಿನ ಹತ್ತಿರ ರಸ್ತೆ ಬದಿಯಲ್ಲಿ ನಮ್ಮಿಬ್ಬರ ಮನೆ ಅಕ್ಕಪಕ್ಕ; ಹಿತ್ತಲು ಒಂದೇ, ನಡುವೆ ಬೇಲಿಯಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಮದುವೆಯಾಗಲಿಲ್ಲ. ಅಕ್ಕನ ಗಂಡ ಬೇಗ ತೀರಿಕೊಂಡಿದ್ದ. ನನ್ನ ಊಟ ಅವಳ ಮನೆಯಲ್ಲೇ.

ಅವಳ ತಳಿ ಕಳಸದಲ್ಲಿದ್ದ ಗಂಡನ ಮನೆಯಿಂದ ಬಂದದ್ದು. ಚಪ್ಪಟೆ ಕಾಯಿ, ಬೆರಳು ಕೂರುವಷ್ಟು ಆಳದ ಗೀರು, ಹೊರಗೆ ಬೂದಿ ಸವರಿದಂಥ ಕಂದು, ಒಳಗೆ ಅಪ್ಪಟ ಅರಿಶಿನ. ದೀಪಾವಳಿಯ ಕಡುಬು ಅದರಿಂದಲೇ ಆಗಬೇಕು.

ಇಡೀ ಚೀನಿಕಾಯಿಗೆ ಹೆಂಗಸರು ಮೊದಲು ಕತ್ತಿ ಹಾಕಬಾರದು ಎನ್ನುವುದು ನಮ್ಮ ಮನೆಗಳ ಪದ್ಧತಿ. ಗಂಡಸೊಬ್ಬ ಒಂದೇಟು ಹಾಕಿದ ಮೇಲೆ ಅವರು ಹೆಚ್ಚಿಕೊಳ್ಳುತ್ತಾರೆ. ಭಾವ ಹೋದ ಮೇಲೆ ಅಕ್ಕನಿಗೆ ಆ ಗಂಡಸು ನಾನೇ.

"ಏ ಬಾರೋ, ಒಂದೇಟ್ ಹಾಕಿ ಹೋಗು!" ಎಂದು ಹಿತ್ತಲಿನಿಂದ ಕೂಗುತ್ತಿದ್ದಳು.

"ಬಂದೆ ಇರು," ಎಂದು ನಾನು ಬೇಕೆಂದೇ ಪೇಪರ್ ಮಡಿಸಿ, ಚಪ್ಪಲಿ ಹುಡುಕಿ ನಿಧಾನಕ್ಕೆ ಹೋಗುತ್ತಿದ್ದೆ. ಒಲೆಯ ಮೇಲೆ ನೀರು ಕುದಿಯುತ್ತಿದ್ದರೂ ಅವಳು ಕಾಯುತ್ತಿದ್ದಳು. ಯಾರಾದರೂ ನನಗಾಗಿ ಕಾಯುವುದು ನನಗೆ ಇಷ್ಟವಾಗಿತ್ತು.

ನಿವೃತ್ತನಾದ ಮೇಲೆ ಹೋಂಸ್ಟೇಗಳಿಗೆ ತರಕಾರಿ ಕೊಡುವ ಹುಚ್ಚು ಹತ್ತಿತು. ಚಿಕ್ಕಮಗಳೂರಿನ ಬೀಜದಂಗಡಿಯಲ್ಲಿ ಜುಕಿನಿ ಮತ್ತು ಬಟರ್‌ನಟ್ ಕುಂಬಳದ ಪ್ಯಾಕೆಟ್ ಆರಿಸಿದೆ. ಅಂಗಡಿಯವರು ಕೇಳಿದರು, "ಮನೇಲಿ ಚೀನಿಕಾಯಿ ಬೀಜ ಇಡ್ತೀರಾ?"

"ಅಕ್ಕ ಇಡ್ತಾಳೆ."

"ಜುಕಿನಿ ಪಕ್ಕದಲ್ಲೇ ಹಾಕಿ, ತೊಂದ್ರೆ ಇಲ್ಲ. ಬಟರ್‌ನಟ್ ಮಾತ್ರ ಚೀನಿಕಾಯಿ ಜಾತಿದೇ. ಹತ್ರ ಹಾಕಿದ್ರೆ ದುಂಬಿ ಬೆರಕೆ ಮಾಡಿಬಿಡ್ತಾವೆ. ದೂರ ಹಾಕಿ."

ದೂರ ಹಾಕಲು ಬಿಸಿಲಿರಲಿಲ್ಲ. ಹಿತ್ತಲೆಲ್ಲ ಸಿಲ್ವರ್ ಓಕ್ ನೆರಳು; ಬಿಸಿಲು ಬೀಳುವುದು ಅಕ್ಕನ ಬಳ್ಳಿಯಿದ್ದ ಗೊಬ್ಬರಗುಂಡಿಯ ಹತ್ತಿರ ಮಾತ್ರ. ಅಲ್ಲೇ ಹಾಕಿದೆ. ಅವಳಿಗೆ ಹೇಳಲಿಲ್ಲ.

ಆ ವರ್ಷ ಅವಳ ಕಾಯಿಗಳು ಎಂದಿನಂತೆಯೇ ಇದ್ದವು. ಬೆರಕೆಯಾದದ್ದು ಒಳಗಿನ ಬೀಜ. ಅಕ್ಕ ಅದನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಇಟ್ಟಳು. ಮರುವರ್ಷ ಆ ಬೀಜದಿಂದ ಬಂದದ್ದು ಉದ್ದ ಕತ್ತಿನ, ತೆಳು ಸಿಪ್ಪೆಯ, ಯಾವ ಕುಲವೂ ಅಲ್ಲದ ಕಾಯಿಗಳು. ಆಷಾಢದೊಳಗೆ ಅಟ್ಟದಲ್ಲಿ ಕೊಳೆತು ಕೆಳಗೆ ತೊಟ್ಟಿಕ್ಕಿದವು.

"ನನ್ನ ಕೈಗುಣ ಹೋಯ್ತು ಮಾರಾಯ," ಎಂದಳು ನೆಲ ಒರೆಸುತ್ತಾ. "ಎಷ್ಟ್ ತಲೆಮಾರಿಂದ ಬಂದ ಬೀಜ. ನನ್ ಕೈಯಲ್ಲಿ ಕೆಟ್ಟುಹೋಯ್ತು."

"ವಯಸ್ಸಾಯ್ತಲ್ಲ ನಿಂಗೆ. ಬೂದಿ ಅಂತ ರಾಗಿಹಿಟ್ಟು ಹಾಕಿರ್ತೀಯ," ಎಂದೆ.

ಅವಳೂ ನಕ್ಕಳು. ಆಮೇಲೆ ಏನನ್ನೂ ಬಿತ್ತಲಿಲ್ಲ. ಮೊಣಕಾಲು ನೋವು ಜಾಸ್ತಿಯಾದಾಗ ಮಗಳು ಬಂದು ಆಲ್ದೂರಿಗೆ ಕರೆದುಕೊಂಡು ಹೋದಳು. ಪಕ್ಕದ ಮನೆಗೆ ಬೀಗ ಬಿತ್ತು. ನನ್ನನ್ನು ಕೂಗುವವರು ಯಾರೂ ಇರಲಿಲ್ಲ.

ಈ ಸಲ ಮಳೆ ಕಡಿಮೆಯಾಗುವ ಹೊತ್ತಿಗೆ ಅಕ್ಕನ ಮಗಳ ಫೋನ್ ಬಂತು. "ಮಾವ, ಅಮ್ಮ ಕುಂಡಕ್ಕೆ ಒಂದು ಕೊತ್ತಂಬರಿ ಬೀಜನೂ ಹಾಕಲ್ಲ ಅಂತಾಳೆ. ನನ್ ಕೈ ತಾಗಿದ್ರೆ ಕೆಡುತ್ತೆ, ಬೇಡ ಅಂತ ಹಟ."

ಆ ಮಾತು ಕೇಳಿ ನನಗೆ ಕೂರಲಾಗಲಿಲ್ಲ. ಹಿಂದೆಂದೋ ಅಕ್ಕ ನಮ್ಮೂರಲ್ಲಿ ಗ್ಯಾರೇಜ್ ಇಟ್ಟಿರುವ ಸಾಹೇಬರ ಹೆಂಡತಿಗೆ ಬೀಜ ಕೊಟ್ಟದ್ದು ನೆನಪಾಯಿತು. ಅವರ ಮನೆ ಗುಡ್ಡದ ಆಚೆ; ಸುತ್ತ ಬೇರೆ ಬಳ್ಳಿಯಿಲ್ಲ. ಹೋದೆ. ಜಗುಲಿಯಲ್ಲಿ ಅದೇ ಚಪ್ಪಟೆ ಕಾಯಿಗಳು ಸಾಲಾಗಿ ಕೂತಿದ್ದವು.

"ಅಕ್ಕ ಕೊಟ್ಟಿದ್ದೇ ಇದು. ಅಕ್ಕನ ಹತ್ರ ಇಲ್ವಾ?" ಎಂದು ಆಕೆ ಕೇಳಿದರು.

"ಇಲಿ ತಿಂದ್ವು," ಎಂದೆ. ಅಲ್ಲೂ ಸುಳ್ಳು.

"ಪಾಪ ಇಲಿ," ಎಂದು ನಕ್ಕು, ಇದ್ದುದರಲ್ಲಿ ದೊಡ್ಡ ಕಾಯಿ ಕೊಟ್ಟರು.

ಆಲ್ದೂರಿನ ಬಸ್ಸಿನಲ್ಲಿ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಏನ್ ಮಾರಾಯ್ರೇ, ಅವ್ರಿಗೂ ಟಿಕೆಟ್ ತಗೊಳ್ತೀರಾ?" ಎಂದ ಕಂಡಕ್ಟರ್. ತೊಡೆಯ ಮೇಲೆ ಎತ್ತಿಕೊಂಡೆ.

ಅಕ್ಕ ಕಾಯಿಯ ಗೀರುಗಳ ಮೇಲೆ ಬೆರಳಾಡಿಸಿ, ಉಗುರು ಊರಿ ನೋಡಿ, "ಇದು ನಮ್ದೇ," ಎಂದಳು. ಮುಖ ಅರಳಿತ್ತು. ಆಗ ಎಲ್ಲವನ್ನೂ ಹೇಳಿದೆ: ಅಂಗಡಿಯವರ ಮಾತು, ಬಿಸಿಲು, ಬಟರ್‌ನಟ್.

"ಗೊತ್ತಿದ್ದೂ ಹಾಕ್ದೆಯಾ?"

"ಹೂಂ."

"ನಾನು ಕೈಗುಣ ಹೋಯ್ತು ಅಂದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಮಗಳು ಒಳಗಿನಿಂದ ಕತ್ತಿ ತಂದು ರೂಢಿಯಂತೆ ನನ್ನತ್ತ ಚಾಚಿದಳು. ನಾನು ಕೈ ನೀಡುವಷ್ಟರಲ್ಲಿ ಅಕ್ಕ ಅದನ್ನು ಕಸಿದುಕೊಂಡಳು.

"ಅಮ್ಮಾ, ಮಾವ ಇದಾರಲ್ಲ!"

"ಸುಮ್ನಿರೇ. ನಂಗೇನು ಕೈಯಿಲ್ವಾ?"

ಒಂದೇ ಏಟಿಗೆ ಕತ್ತಿ ಅರ್ಧ ಇಳಿಯಿತು. ಒಳಗೆ ಅರಿಶಿನ. ಬೀಜಗಳನ್ನೆಲ್ಲ ಬಾಚಿ ತಟ್ಟೆಗೆ ಹಾಕಿ ತನ್ನ ಪಕ್ಕಕ್ಕೆ ಎಳೆದುಕೊಂಡಳು.

ಹೊರಡುವಾಗ ಕೇಳಿದೆ, "ನಂಗೂ ನಾಲ್ಕು ಬೀಜ ಕೊಡೇ."

"ನಿಂಗ್ಯಾಕೋ? ನಿನ್ ಹಿತ್ತಲ ದುಂಬಿ ಸರಿಯಿಲ್ಲ," ಎಂದಳು. ನಗಲಿಲ್ಲ. ಒಂದು ಹೋಳು ಕೊಟ್ಟಳು, ಬೀಜವೊಂದೂ ಅಂಟಿರದಂತೆ ಬೆರಳಿನಿಂದ ಸವರಿ.

ಬಟರ್‌ನಟ್ ಬಳ್ಳಿಯನ್ನು ಕಿತ್ತು ಹಾಕಿದ್ದೇನೆ. ಗೊಬ್ಬರಗುಂಡಿಯ ಹತ್ತಿರ ಬಿಸಿಲು ಬರಿ ನೆಲದ ಮೇಲೆ ಬೀಳುತ್ತದೆ. ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಅಕ್ಕ ಬೀಜ ಊರಿದ್ದಾಳಂತೆ, ಹಾಕಿದ್ದೆಲ್ಲ ಮೊಳೆತಿದೆಯಂತೆ. ಫೋನ್ ಅಕ್ಕನಿಗೆ ಕೊಡು ಎಂದೆ. ಆ ಕಡೆ ಏನೋ ಪಿಸುಮಾತು.

"ನೀರು ಹಾಕ್ತಿದಾಳೆ ಮಾವ. ಆಮೇಲೆ ಅವಳೇ ಫೋನ್ ಮಾಡ್ತಾಳಂತೆ."

ಇನ್ನೂ ಮಾಡಿಲ್ಲ. ಹಿತ್ತಲಿಗೆ ಹೋಗುವಾಗಲೂ ಫೋನನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ.