ಮೂಗೂರಿನ ಗಿಣ್ಣು

ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನನ್ನ ತಂಗಿ ಶೈಲ ಕಾಯುತ್ತಿದ್ದಳು. ಅವಳು ದನದ ಡಾಕ್ಟರು. ಮೂಗೂರಿನಲ್ಲಿ ಮೊನ್ನೆ ಹುಟ್ಟಿದ ಕರುವೊಂದು ನಿಲ್ಲಲಾರದೆ ತಲೆ ನಡುಗಿಸುತ್ತಿದೆಯಂತೆ, ನೋಡಿ ಬರೋಣ ಬಾ ಎಂದಿದ್ದಳು. ನನಗೋ ಊರು ಸುತ್ತುವುದಕ್ಕೆ ಇಷ್ಟು ನೆಪ ಸಾಕು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲಂತೂ ನನ್ನ ಕಾಲು ಮನೆಯಲ್ಲಿ ನಿಲ್ಲುವುದೇ ಇಲ್ಲ.

ಸುತ್ತೂರಿನ ಮೇಲೆ ಹೋಗುವ ಬಸ್ಸು. ಸೀಟು ಸಿಕ್ಕಿದ್ದೇ ಪುಣ್ಯ. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಟಿ. ನರಸೀಪುರದಲ್ಲಿ ಇಳಿದು ಸೆಟ್ ದೋಸೆ ತಿಂದು, ಮೂಗೂರಿಗೆ ಬೇರೆ ಬಸ್ ಹತ್ತಿದೆವು.

ಕೊಟ್ಟಿಗೆಯಲ್ಲಿ ಕರುವನ್ನು ಎಬ್ಬಿಸಿದರೆ ಕಾಲು ಅಗಲಿಸಿ, ತೂರಾಡಿ ಬೀಳುತ್ತಿತ್ತು. ಆ ಮನೆಯ ಸೊಸೆ ಸವಿತ ಬಾಗಿಲಾಚೆಯೇ ನಿಂತಿದ್ದಳು; ಒಳಗೆ ಕಾಲಿಡುವಂತಿರಲಿಲ್ಲ. ಹೋದ ತಿಂಗಳು ಗ್ರಹಣದ ಹೊತ್ತಿನಲ್ಲಿ ಗಬ್ಬದ ಹಸುವನ್ನು ಹೊರಗೆ ಕಟ್ಟಿದವಳು ಅವಳೇ, ಅದಕ್ಕೇ ಕರು ಹೀಗಾಯಿತು ಎಂದು ಅತ್ತೆ ಗೌರಮ್ಮ ಮಾತೇ ಬಿಟ್ಟಿದ್ದರು. ಹಸು ಕರು ಹಾಕಿದ ಮನೆಯಿಂದ ಬೀದಿಗೆಲ್ಲ ಗಿಣ್ಣು ಹೋಗಬೇಕು. ಈ ಮನೆಯಲ್ಲಿ ಕಾಯಿಸಿರಲೂ ಇಲ್ಲ.

ಶೈಲ ಕರುವನ್ನು ಮುಟ್ಟಿ, ಎತ್ತಿ ನಿಲ್ಲಿಸಿ ನೋಡಿದಳು. ಮಿದುಳಿನ ಹಿಂಭಾಗ, ಮೈಯನ್ನು ಹದದಲ್ಲಿ ನಿಲ್ಲಿಸುವ ಭಾಗ, ಸರಿಯಾಗಿ ಬೆಳೆದಂತಿಲ್ಲ ಎಂದಳು. ಗಬ್ಬದ ನಡುವಿನ ತಿಂಗಳುಗಳಲ್ಲಿ ಹಸುವಿಗೆ ಸೋಂಕು ತಗುಲಿದರೆ ಹೀಗಾಗುವುದುಂಟಂತೆ. ಆಗೇನಾದರೂ ಜ್ವರ ಬಂದಿತ್ತಾ ಎಂದು ಕೇಳಿದಳು.

ಗೌರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು. ಭತ್ತ ಕುಯ್ಯುವ ಕಾಲದಲ್ಲಿ ಹಸು ಮೇವು ಮುಟ್ಟದೆ, ಮೈ ಸುಡುತ್ತ ಮಲಗಿತ್ತಂತೆ. ಅದರ ಆರೈಕೆ ಮಾಡಿ ಉಳಿಸಿಕೊಂಡವಳು ಸವಿತಳೇ.

"ಹಾಗಾದರೆ ಗ್ರಹಣಕ್ಕೆ ಎಷ್ಟೋ ಮುಂಚೆ ಆಗಿರೋದು ಕಣಮ್ಮ. ನಿಮ್ಮ ಸೊಸೆಯಿಂದ ಏನೂ ಆಗಿಲ್ಲ" ಎಂದಳು ಶೈಲ. ಕರು ಪೂರ್ತಿ ಸರಿಹೋಗದು, ಹೊಟ್ಟೆ ತುಂಬ ಹಾಲು ಕುಡಿಸಿ, ದಿನಾ ಹಿಡಿದು ನಿಲ್ಲಿಸುತ್ತಿದ್ದರೆ ನಿಲ್ಲುವುದನ್ನು ಕಲಿತರೂ ಕಲಿಯಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ನನ್ನ ತಂಗಿ ಎಂದು ಹೆಮ್ಮೆಯಾಯಿತು.

ಗೌರಮ್ಮ ಮುಖ ತಿರುಗಿಸಿ ಒಳಗೆ ಹೋಗುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹೋಗುತ್ತಿದ್ದೆ, ಸುಳ್ಳೇಕೆ? ಅವರು ಅಕ್ಕಪಕ್ಕದವರೆಲ್ಲ ನೋಡುತ್ತಿದ್ದಂತೆಯೇ ಸೊಸೆಯ ಕೈ ಹಿಡಿದರು.

"ತಪ್ಪು ನಂದು ಕಣವ್ವ. ಸುಮ್ಸುಮ್ಕೆ ನಿನ್ ತಲೆಗ್ ಕಟ್ಬುಟ್ಟೆ. ಬಾ, ಕರುಗೆ ನೀನೇ ಆಲು ಕುಡ್ಸು."

ಸವಿತ ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು.

ಸಂಜೆ ಬಸ್ಸಿಗೆ ಹೊರಟಾಗ, ಬೆಲ್ಲ, ಏಲಕ್ಕಿ ಹಾಕಿದ ಬಿಸಿ ಗಿಣ್ಣಿನ ಡಬ್ಬಿ ನಮ್ಮ ಕೈಗೆ ಬಂತು. ಬೀದಿಯ ಕೊನೆಯಲ್ಲಿ ತಿರುಗಿ ನೋಡಿದೆ. ಗೌರಮ್ಮ ಪಾತ್ರೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದರು. ಪ್ರತಿ ಬಾಗಿಲಲ್ಲೂ ಒಂದೇ ಮಾತು:

"ನನ್ ಸೊಸೆ ಕಾಯ್ಸಿದ್ದು."